ಬೇಸಾಯದ ಪಾಠ ಮಕ್ಕಳಿಗೆ ರುಚಿಸಿದ ಬಗೆ

ಮೇಟಿವಿದ್ಯೆಯನ್ನು ಎಲ್ಲ ವಿದ್ಯೆಗಳಿಗಿಂತ ಮೇಲಿರಿಸಿ ಸರ್ವಜ್ಞ ಹಾಡಿದ. ನಾವೂ ಸಭೆ ಸಮಾರಂಭಗಳಲ್ಲಿ ಆ ಮಾತನ್ನು ನೆನೆದು ಚಪ್ಪಾಳೆ ತಟ್ಟುತ್ತೇವೆ. ಆದರೆ ಅದೇ ವಿದ್ಯೆ ಪಠ್ಯಪುಸ್ತಕದ ಒಂದು ಅಧ್ಯಾಯವಾಗಿ ತರಗತಿಯನ್ನು ಹೊಕ್ಕಾಗ ಅದರ ಗತಿ ಏನಾಗುತ್ತದೆಂಬುದನ್ನು ಉಪಾಧ್ಯಾಯರು ಬಲ್ಲರು. ಪೇಟೆಯ ಹುಡುಗನಿಗೆ ಅದು ದೂರದೇಶದ ಸುದ್ದಿ. ಹಳ್ಳಿಯ ಹುಡುಗನಿಗಾದರೋ ಬೆಳಗ್ಗೆ ಕೊಟ್ಟಿಗೆಯಲ್ಲಿ ಬಾಚಿ ಬಂದ ಸಗಣಿಯೇ ಮಧ್ಯಾಹ್ನ ಪುಸ್ತಕದಲ್ಲಿ ಮತ್ತೆ ಎದುರಾದ ಹಾಗೆ. ಮಣ್ಣಿನ ಬಗೆಗಳು ಇಷ್ಟು, ಗೊಬ್ಬರದ ಬಗೆಗಳು ಇಷ್ಟು ಎಂದು ಇಬ್ಬರೂ ಬಾಯಿಪಾಠ ಒಪ್ಪಿಸುತ್ತಾರೆ. ಪರೀಕ್ಷೆ ಮುಗಿದ ಮರುದಿನ ಇಬ್ಬರೂ ಮರೆಯುತ್ತಾರೆ. ಅನ್ನಕ್ಕೆ ಮೂಲವಾದ ವಿದ್ಯೆಯೇ ಹೀಗೆ ಅರುಚಿಯಾಗುವುದು ವಿಚಿತ್ರವಲ್ಲವೆ?

ಈ ಅರುಚಿ ನಮ್ಮಲ್ಲಿ ಮಾತ್ರ ಕಂಡದ್ದೇನೂ ಅಲ್ಲ. ಸುಮಾರು ನೂರ ಮೂವತ್ತು ವರ್ಷಗಳ ಹಿಂದೆ ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ತೊಡಕು ಎದ್ದು ನಿಂತಿತ್ತು. ಅದನ್ನು ಬಿಡಿಸಲು ಹೊರಟವರು ದೊಡ್ಡ ದೊಡ್ಡ ಮಂತ್ರಿಗಳಲ್ಲ. ಹಳ್ಳಿಶಾಲೆಗಳ ತನಿಖಾಧಿಕಾರಿಗಳು, ಉಪಾಧ್ಯಾಯಿನಿಯರು, ಒಬ್ಬ ಹಣ್ಣಿನ ತೋಟಗಾರ, ಒಬ್ಬ ತತ್ತ್ವಶಾಸ್ತ್ರದ ಪಂಡಿತ. ಅವರು ಪಟ್ಟ ಪಾಡಿನ ಕಥೆ ನಮ್ಮವರಿಗೆ ಅಷ್ಟಾಗಿ ಪರಿಚಿತವಲ್ಲ. ತಿಳಿದುಕೊಂಡರೆ ನಷ್ಟವಿಲ್ಲ.

1893ರಲ್ಲಿ ಅಮೆರಿಕಾದ ವ್ಯಾಪಾರ ಪ್ರಪಂಚ ಕುಸಿದುಬಿತ್ತು. ಬ್ಯಾಂಕುಗಳು ಮುಳುಗಿದವು, ಧಾನ್ಯದ ಬೆಲೆ ಇಳಿಯಿತು. ಹೊಲಮನೆ ಬಿಟ್ಟ ಜನ ನ್ಯೂಯಾರ್ಕ್ ನಗರವನ್ನು ಸೇರತೊಡಗಿದರು. ಅಲ್ಲಿಯ ಧರ್ಮಸಂಸ್ಥೆಗಳಿಗೆ ಇವರಿಗೆಲ್ಲ ಅನ್ನ ಹಾಕುವುದೇ ಕಷ್ಟವಾಯಿತು. ಜನ ಹಳ್ಳಿಯನ್ನು ಏಕೆ ತೊರೆಯುತ್ತಾರೆಂದು ವಿಚಾರಿಸಿದ ಕೆಲವರು ದೋಷದ ಒಂದು ಭಾಗವನ್ನು ಶಾಲೆಯ ಮೇಲೆ ಹೊರಿಸಿದರು. ಹಳ್ಳಿಯ ಶಾಲೆಯಲ್ಲಿ ಕಲಿಸುವ ಲೆಕ್ಕ ಪೇಟೆಯ ಅಂಗಡಿಯದು, ಓದಿಸುವ ಪಾಠ ಪೇಟೆಯ ಬಾಳಿನದು. ತನ್ನ ಸುತ್ತಲಿನ ಗಿಡ, ಹುಳು, ಮಣ್ಣುಗಳಲ್ಲಿ ತಿಳಿಯತಕ್ಕದ್ದು ಏನಾದರೂ ಇದೆಯೆಂದು ಆ ಶಾಲೆ ಮಗುವಿಗೆ ಒಮ್ಮೆಯೂ ಹೇಳಿಲ್ಲ ಎಂಬುದು ಅವರ ವಾದ. ನ್ಯೂಯಾರ್ಕ್ ಸಂಸ್ಥಾನದ ಸರ್ಕಾರ ಹಣ ಒದಗಿಸಿ ಈ ಕೆಲಸವನ್ನು ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ವಹಿಸಿತು. ಅಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕನಾಗಿದ್ದವನು ಲಿಬರ್ಟಿ ಹೈಡ್ ಬೇಯ್ಲಿ. ಮಿಷಿಗನ್ ಪ್ರಾಂತದ ರೈತನ ಮಗ, 1858ರಲ್ಲಿ ಹುಟ್ಟಿದವನು.

1896ರ ಕೊನೆಯಲ್ಲಿ ಬೇಯ್ಲಿ ಉಪಾಧ್ಯಾಯರಿಗಾಗಿ ಒಂದು ಚಿಕ್ಕ ಕರಪತ್ರ ಬರೆದ. ಕುಂಬಳದ ಬೀಜದಿಂದ ಗಿಡ ಹೊರಬರುವುದು ಹೇಗೆ ಎಂಬುದೇ ಅದರ ವಸ್ತು. ವ್ಯವಸಾಯವನ್ನು ಉದ್ಧಾರ ಮಾಡಲು ಹೊರಟವನು ಕುಂಬಳದ ಬೀಜ ಹಿಡಿದು ಕುಳಿತನಲ್ಲ ಎಂದು ಯಾರಿಗಾದರೂ ನಗು ಬರಬಹುದು. ಆದರೆ ಆ ಬೀಜದಲ್ಲಿ ಒಂದು ಸೊಗಸಾದ ಉಪಾಯ ಅಡಗಿದೆ. ಬೀಜ ಮೊಳೆಯುವಾಗ ಬೇರೂ ಕಾಂಡವೂ ಸೇರುವೆಡೆಯಲ್ಲಿ ಪುಟ್ಟ ಗೂಟದಂಥ ಒಂದು ಉಬ್ಬು ಮೂಡುತ್ತದೆ. ಅದು ಸಿಪ್ಪೆಯ ಕೆಳ ಅಂಚನ್ನು ಅದುಮಿ ಹಿಡಿಯುತ್ತದೆ. ಕಮಾನಿನಂತೆ ಬಾಗಿದ ಕಾಂಡ ಮೇಲೇಳುತ್ತ ನೇರವಾಗುವಾಗ, ಅಂಗಿಯೊಳಗಿಂದ ಕೈ ಹೊರಸೆಳೆದಂತೆ, ಎರಡು ಬೇಳೆಗಳೂ ಸಿಪ್ಪೆಯಿಂದ ಬಿಡಿಸಿಕೊಂಡು ಬರುತ್ತವೆ. ನಮ್ಮ ಹಿತ್ತಲ ಸಿಹಿಗುಂಬಳವೂ ಹೀಗೆಯೇ ಮಾಡುತ್ತದೆ. ಎಷ್ಟು ಮಂದಿ ನೋಡಿದ್ದೇವೆ? ಬೀಜಗಳನ್ನು ನೆಟ್ಟು, ದಿನಕ್ಕೊಂದರಂತೆ ಅಗೆದು ತೆಗೆದು ಮಕ್ಕಳಿಗೇ ಕಾಣಿಸಿರಿ. ನೀವು ಮೊದಲೇ ಹೇಳಬೇಡಿರಿ ಎಂಬುದು ಬೇಯ್ಲಿಯ ರೀತಿ. ಮಗು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯ ಉಪಾಧ್ಯಾಯನಿಗೆ ಇರಬೇಕೆಂದೂ ಅವನು ಹೇಳುತ್ತಿದ್ದ. ವಿಷಯವನ್ನು ಮುಂದಿಟ್ಟುಕೊಂಡು ಕಲಿಸುವುದು ಬೇರೆ, ಮಗುವನ್ನು ಮುಂದಿಟ್ಟುಕೊಂಡು ಕಲಿಸುವುದು ಬೇರೆ ಎಂಬುದು ಅವನ ಮತ.

ಬೇಯ್ಲಿಯ ಜೊತೆಗೂಡಿದ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬಳು ಆನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್. ಕೀಟಗಳ ಚಿತ್ರ ಕೊರೆಯುವುದರಲ್ಲಿ ಪಳಗಿದ ಕೈ, 1911ರಲ್ಲಿ ಪ್ರಕೃತಿ ಪಾಠದ ದೊಡ್ಡ ಕೈಪಿಡಿಯೊಂದನ್ನು ಹೊರತಂದವಳು. ಇನ್ನೊಬ್ಬ ಜಾನ್ ಸ್ಪೆನ್ಸರ್ ಎಂಬ ಹಣ್ಣಿನ ತೋಟಗಾರ. ಮಕ್ಕಳ ಪಾಲಿಗೆ ಅವನು ‘ಜಾನ್ ಮಾಮ’. ಶಾಲೆಶಾಲೆಗಳಲ್ಲಿ ಮಕ್ಕಳ ಸಂಘಗಳನ್ನು ಕಟ್ಟಿಸಿದ. ಚಂದಾ ಎಂದು ಕಾಸು ಕೇಳಲಿಲ್ಲ, ತಾನು ಕಂಡದ್ದನ್ನು ಬರೆದ ಒಂದು ಪತ್ರ ಕೇಳಿದ. ಕಪ್ಪೆಮರಿಯ ಬಾಲ ಯಾವಾಗ ಮಾಯವಾಯಿತು, ಸೇಬಿನ ಮೊಗ್ಗು ಹೇಗೆ ಬಿಚ್ಚಿತು ಎಂದು ಮಕ್ಕಳು ಬರೆದರು. ಪ್ರಬಂಧ ಬರೆಯೆಂದರೆ ಪೆನ್ಸಿಲ್ ಕಚ್ಚುತ್ತ ಕೂರುವ ಹುಡುಗ, ಓದುವವನೊಬ್ಬನಿದ್ದಾನೆಂದು ತಿಳಿದಾಗ ಪುಟ ತುಂಬಿಸಿದ. ಸಾವಿರಾರು ಪತ್ರಗಳು ಕಾರ್ನೆಲ್ಲಿನ ಅಂಚೆ ಚೀಲಕ್ಕೆ ಬಂದು ಬಿದ್ದವು.

ಇದು ನೋಡುವ ಕಣ್ಣನ್ನು ತೆರೆದ ಕೆಲಸ. ಆದರೆ ನೋಡುವುದರಿಂದ ಮಾಡುವುದಕ್ಕೆ ಇನ್ನೂ ಒಂದು ಹೆಜ್ಜೆ ಉಂಟು. ಆ ಹೆಜ್ಜೆ ಇಟ್ಟವರು ಪಶ್ಚಿಮಕ್ಕೆ, ಮುಸುಕಿನ ಜೋಳದ ಸೀಮೆಯವರು.

ಇಲಿನಾಯ್ ಪ್ರಾಂತದ ಮಕೂಪಿನ್ ಜಿಲ್ಲೆಯಲ್ಲಿ ಆಟ್‌ವೆಲ್ ಎಂಬವನು ರೈತರ ಸಭೆಯ ಅಧ್ಯಕ್ಷನಾಗಿದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳ ಮಾತು. ಒಳ್ಳೆಯ ಬೀಜ, ಒಳ್ಳೆಯ ಸಾಗುವಳಿಯ ಮೇಲೆ ಭಾಷಣ ಮಾಡಿಸೋಣವೆಂದು ಜಿಲ್ಲೆಗೆಲ್ಲ ಆಮಂತ್ರಣ ಕಳುಹಿಸಿದ. ಸಭೆಯ ದಿನ ಬಂದವರು ಬಹುಮಟ್ಟಿಗೆ ಪದಾಧಿಕಾರಿಗಳೇ! ‘ನಮಗೆ ಬೇಸಾಯ ಹೇಳಿಕೊಡುವವನು ಇವನಾರು’ ಎಂಬುದು ಯಾವ ದೇಶದ ರೈತನಿಗೂ ಸಹಜವಾದ ಮಾತು. ಆಟ್‌ವೆಲ್ ಅಪ್ಪಂದಿರನ್ನು ಬಿಟ್ಟು ಮಕ್ಕಳ ಕಡೆ ತಿರುಗಿದ. ಆಯ್ದ ಜೋಳದ ಬೀಜ ತರಿಸಿ ಹುಡುಗರಿಗೆ ಹಂಚಿದ. ಬೆಳೆದ ತೆನೆಗಳನ್ನು ಮುಂದಿನ ಸಭೆಗೆ ತನ್ನಿರಿ, ಬಹುಮಾನವಿದೆ ಎಂದ. ಐನೂರು ಹುಡುಗರು ಬೀಜ ಬಿತ್ತಿದರು. ಮುಂದಿನ ಸಭೆಗೆ ಮಗ ಬೆಳೆದ ತೆನೆಗೆ ಬಹುಮಾನ ಬರುವುದೋ ಇಲ್ಲವೋ ನೋಡಲು ಅಪ್ಪ ಬಂದ, ಅಮ್ಮ ಬಂದಳು, ಸಭಾಂಗಣ ಹಿಡಿಸಲಿಲ್ಲ. 1904ರಲ್ಲಿ ಸೇಂಟ್ ಲೂಯಿಯ ಜಾಗತಿಕ ಪ್ರದರ್ಶನದಲ್ಲಿ ಇಲಿನಾಯ್ ಹುಡುಗರ ಜೋಳದ ತೆನೆಗಳನ್ನು ಗೋಪುರದಂತೆ ಪೇರಿಸಿಟ್ಟಿದ್ದರು.

ಇನ್ನು ಒಹಾಯೊ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಅಲ್ಲಿಯ ಗ್ರಾಮಶಾಲೆಗಳ ಮೇಲ್ವಿಚಾರಕ ಆಲ್ಬರ್ಟ್ ಗ್ರಹಾಮ್ 1902ರ ಜನವರಿ 15ರಂದು ಒಂದಷ್ಟು ಹುಡುಗ ಹುಡುಗಿಯರನ್ನು ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸೇರಿಸಿದ. ಅಂದಿನಿಂದ ಅವನ ಮಕ್ಕಳ ಸಂಘ ನಡೆಯಿತು. ಅವನು ಅವರ ಕೈಗೆ ಕೊಟ್ಟ ಆಯುಧ ಲಿಟ್ಮಸ್ ಕಾಗದದ ಚೂರು. ಒದ್ದೆ ಮಣ್ಣಿಗೆ ತಗುಲಿಸಿದಾಗ ನೀಲಿ ಕಾಗದ ಕೆಂಪಾದರೆ ಮಣ್ಣಿನಲ್ಲಿ ಹುಳಿ ಹೆಚ್ಚಿದೆ, ಸುಣ್ಣ ಬೇಕು. ಕಾಸಿಗೆ ಸಿಗುವ ಕಾಗದ. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ ಹತ್ತು ವರ್ಷದ ಹುಡುಗ ತಂದೆಯ ಹೊಲಕ್ಕೆ ವೈದ್ಯನಾದ! ಇಷ್ಟು ದಿನ ಮಣ್ಣಿನ ಬಗ್ಗೆ ಅವನಿಗೆ ಹೇಳಿದ್ದೆಲ್ಲ ಬೇರೆಯವರ ಉತ್ತರಗಳು. ಈಗ ಪ್ರಶ್ನೆ ಅವನದು. ಉತ್ತರ ಏನಾಗುವುದೆಂದು ಉಪಾಧ್ಯಾಯನಿಗೂ ಗೊತ್ತಿಲ್ಲ.

ಅಯೊವಾ ಪ್ರಾಂತದ ಪೇಜ್ ಜಿಲ್ಲೆಯ ಜೆಸ್ಸಿ ಫೀಲ್ಡ್ ಇನ್ನೂ ಮುಂದಕ್ಕೆ ಹೋದಳು. 1906ರಲ್ಲಿ ಆ ಜಿಲ್ಲೆಯ ನೂರಕ್ಕೂ ಹೆಚ್ಚು ಹಳ್ಳಿಶಾಲೆಗಳ ಮೇಲ್ವಿಚಾರಣೆ ಅವಳ ಕೈಗೆ ಬಂತು. ಬೇಸಾಯವನ್ನು ವೇಳಾಪಟ್ಟಿಯಲ್ಲಿ ಇನ್ನೊಂದು ವಿಷಯವಾಗಿ ತುರುಕುವ ಬದಲು ಇರುವ ವಿಷಯಗಳಲ್ಲೇ ಅವಳು ಅದನ್ನು ಬೆರೆಸಿದಳು. ಬೇಸಾಯದ ಲೆಕ್ಕಗಳದೇ ಒಂದು ಪುಸ್ತಕ ಬರೆದಳು. ಉದಾಹರಣೆಗೆ ಜೋಳದ ಲೆಕ್ಕ ನೋಡಿ. ಒಂದು ಎಕರೆಗೆ ಹೆಚ್ಚುಕಡಮೆ ಹನ್ನೆರಡು ತೆನೆಗಳ ಬೀಜ ಸಾಕು. ಬಿತ್ತುವ ಮುನ್ನ ಪ್ರತಿ ತೆನೆಯಿಂದ ಆರಾರು ಕಾಳು ಬಿಡಿಸಿ, ಮರಳು ತುಂಬಿದ ಪೆಟ್ಟಿಗೆಯಲ್ಲಿ ಗುರುತು ಹಾಕಿದ ಚೌಕಗಳಲ್ಲಿ ಇಟ್ಟು, ನೀರು ಚಿಮುಕಿಸಿ, ತರಗತಿಯ ಕಿಟಕಿಯ ಪಕ್ಕ ಇಡುವುದು. ಆರರಲ್ಲಿ ಎಷ್ಟು ಮೊಳೆತವು? ಒಂದು ತೆನೆಯ ಕಾಳು ಮೊಳೆಯಲೇ ಇಲ್ಲವೆನ್ನಿ. ಆ ತೆನೆಯನ್ನು ಅರಿಯದೆ ಬಿತ್ತಿದ್ದರೆ ಎಕರೆಯ ಹನ್ನೆರಡನೆಯ ಒಂದು ಪಾಲು ಬರಡಾಗುತ್ತಿತ್ತು. ನಷ್ಟ ಎಷ್ಟು ಡಾಲರು? ಭಿನ್ನರಾಶಿಯೆಂದರೆ ಬೆವರುತ್ತಿದ್ದ ಹುಡುಗನಿಗೆ ಈ ಹನ್ನೆರಡನೆಯ ಒಂದು ಪಾಲು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದು ಅವನ ಅಪ್ಪನ ಹೊಲ.

ಹಾಲಿನದೂ ಹೀಗೆಯೇ. 1890ರಲ್ಲಿ ವಿಸ್ಕಾನ್ಸಿನ್ನಿನ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞ ಹಾಲಿನಲ್ಲಿ ಬೆಣ್ಣೆಯ ಅಂಶ ಅಳೆಯುವ ಸುಲಭವಾದ ಉಪಕರಣ ಕಂಡುಹಿಡಿದಿದ್ದ. ಅದು ಶಾಲೆಗಳಿಗೆ ಬಂದಮೇಲೆ ಮಕ್ಕಳು ಮನೆಯಿಂದ ಒಂದೊಂದು ಹಸುವಿನ ಹಾಲನ್ನು ಬೇರೆಬೇರೆ ಸೀಸೆಯಲ್ಲಿ ತಂದರು. ಯಾವ ಹಸು ತಿಂದ ಮೇವಿಗೆ ಬೆಲೆ ಸಲ್ಲಿಸುತ್ತಿದೆ, ಯಾವುದು ಕೊಟ್ಟಿಗೆಯಲ್ಲಿ ಬಿಟ್ಟಿ ನಿಂತಿದೆ ಎಂಬುದು ಬಯಲಾಯಿತು. ಜೆಸ್ಸಿ ಫೀಲ್ಡ್ ತನ್ನ ಮಕ್ಕಳಿಗೆ ಕೊಟ್ಟ ಮೂರೆಲೆಯ ಪದಕವೇ ಮುಂದೆ ನಾಲ್ಕೆಲೆಯದಾಗಿ, ತಲೆ, ಹೃದಯ, ಕೈ, ಆರೋಗ್ಯ ಎಂಬ ಅರ್ಥ ಪಡೆದು, ಇಂದು ಜಗತ್ತಿನ ಹಲವು ದೇಶಗಳಿಗೆ ಹಬ್ಬಿರುವ ಫೋರ್-ಎಚ್ ಸಂಘಗಳ ಲಾಂಛನವಾಯಿತು.

ದಕ್ಷಿಣದ ಪ್ರಾಂತಗಳ ಕಥೆ ಬೇರೆ. ಅಲ್ಲಿ ಹತ್ತಿಯೇ ದೈವ. ಮೆಕ್ಸಿಕೊ ಕಡೆಯಿಂದ ಬಂದ ಮೂತಿಹುಳು ಹತ್ತಿಯ ಮೊಗ್ಗಿನೊಳಗೆ ಮೊಟ್ಟೆಯಿಟ್ಟು ಊರಿಗೆ ಊರನ್ನೇ ಬೀಳುಗೆಡವುತ್ತಿತ್ತು. 1903ರಲ್ಲಿ ಸೀಮನ್ ನ್ಯಾಪ್ ಎಂಬ ಎಪ್ಪತ್ತರ ಮುದುಕ ಟೆಕ್ಸಾಸಿನ ಟೆರೆಲ್ ಎಂಬ ಊರಿನಲ್ಲಿ ಒಂದು ಪ್ರಯೋಗ ಮಾಡಿದ. ಸರ್ಕಾರದ ಮಾದರಿ ತೋಟ ನೋಡಿ ಯಾರೂ ಪಾಠ ಕಲಿಯಲಾರರು, ಅದು ಸರ್ಕಾರದ ಹಣ. ರೈತನ ಸ್ವಂತ ಹೊಲದಲ್ಲಿ, ರೈತನ ಕೈಯಿಂದಲೇ ಮಾಡಿಸಬೇಕು ಎಂಬುದು ಅವನ ಹಟ. ಕಿವಿಯಿಂದ ಕೇಳಿದ್ದನ್ನು ಮನುಷ್ಯ ಸಂಶಯಿಸುತ್ತಾನೆ, ಕಣ್ಣಿನಿಂದ ಕಂಡದ್ದನ್ನೂ ಒಮ್ಮೊಮ್ಮೆ ಸಂಶಯಿಸುತ್ತಾನೆ, ತನ್ನ ಕೈಯಿಂದ ಮಾಡಿದ್ದನ್ನು ಸಂಶಯಿಸಲಾರ ಎಂದು ಅವನು ನಂಬಿದ್ದ. ಊರಿನ ವರ್ತಕರು ನಷ್ಟ ತುಂಬಿಕೊಡುವ ಭರವಸೆ ಕೊಟ್ಟರು, ನಷ್ಟ ಬರಲಿಲ್ಲ.

ನ್ಯಾಪನ ಈ ಉಪಾಯ ಮಕ್ಕಳ ಕೈಗೆ ಬಂದದ್ದು 1907ರಲ್ಲಿ. ಮಿಸಿಸಿಪಿಯ ಹೋಮ್ಸ್ ಜಿಲ್ಲೆಯ ಶಾಲೆಗಳ ಅಧಿಕಾರಿ ವಿಲಿಯಂ ಸ್ಮಿತ್ ಸುಮಾರು 120 ಹುಡುಗರ ಜೋಳದ ಸಂಘ ಕಟ್ಟಿದ. ಕೇಂದ್ರ ಸರ್ಕಾರದ ವ್ಯವಸಾಯ ಇಲಾಖೆ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಸಂಬಳ ವರ್ಷಕ್ಕೆ ಒಂದು ಡಾಲರು! ಒಬ್ಬೊಬ್ಬ ಹುಡುಗನಿಗೆ ಒಂದೊಂದು ಎಕರೆ. 1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಜೆರಿ ಮೂರ್ ಎಂಬ ಹದಿನೈದರ ಹುಡುಗ ತನ್ನ ಎಕರೆಯಲ್ಲಿ 228 ಮುಕ್ಕಾಲು ಬುಷೆಲ್ ಜೋಳ ಬೆಳೆದ. ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಾಲು. ಆಗ ಆ ಪ್ರಾಂತದ ಸರಾಸರಿ ಬೆಳೆ ಎಕರೆಗೆ 20 ಬುಷೆಲಿನೊಳಗೇ. ದೊಡ್ಡವರು ಬೆರಗಾದರು.

ಆದರೆ ಜೆರಿಯ ರಾಶಿಗಿಂತ ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಆ ಸಂಘಗಳು ಬಹುಮಾನಕ್ಕೆ ಅಂಕ ಹಂಚಿದ ಕ್ರಮ. ನೂರರಲ್ಲಿ 30 ಅಂಕ ಬೆಳೆಯ ತೂಕಕ್ಕೆ, 30 ಲಾಭಕ್ಕೆ, 20 ಹತ್ತು ತೆನೆಗಳ ಪ್ರದರ್ಶನಕ್ಕೆ, ಉಳಿದ 20 ತಾನು ಹೇಗೆ ಬೆಳೆದೆನೆಂದು ಹುಡುಗ ಬರೆದ ವೃತ್ತಾಂತಕ್ಕೆ. ಗೊಬ್ಬರ ಸುರಿದು ರಾಶಿ ಬೆಳೆದರೆ ಸಾಲದು, ಖರ್ಚು ಕಳೆದು ಉಳಿದದ್ದೆಷ್ಟೆಂದು ಲೆಕ್ಕ ಇಡಬೇಕು. ಲೆಕ್ಕವಿಟ್ಟರೂ ಸಾಲದು, ಮಾಡಿದ್ದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಬರೆಯಬೇಕು. ನೆಲ, ಗಣಿತ, ಭಾಷೆ ಮೂರೂ ಒಂದೇ ಎಕರೆಯಲ್ಲಿ ಸೇರಿದವು. ಅದೇ 1910ರಲ್ಲಿ ಅದೇ ಪ್ರಾಂತದ ಏಕನ್ ಜಿಲ್ಲೆಯ ಮೇರಿ ಕ್ರೋಮರ್ ಎಂಬ ಉಪಾಧ್ಯಾಯಿನಿ ಹುಡುಗಿಯರ ಟೊಮೇಟೊ ಸಂಘ ಆರಂಭಿಸಿದಳು. ಎಕರೆಯ ಹತ್ತನೆಯ ಒಂದು ಭಾಗದಲ್ಲಿ ಬೆಳೆದು, ಡಬ್ಬಿಯಲ್ಲಿ ತುಂಬಿ ಕಾಪಿಟ್ಟು, ಮಾರಿದ ಹುಡುಗಿಯ ಕೈಯಲ್ಲಿ ಅವಳದೇ ಆದ ಹಣ ಸೇರಿತು. ಆ ಕಾಲದ ಹಳ್ಳಿಯ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸಿಹಿಯಾಗಿಯೇ ಮುಗಿದೀತು. ಆದರೆ ಅದು ಪೂರ್ತಿ ನಿಜವಾಗದು. ದಕ್ಷಿಣದಲ್ಲಿ ಕರಿಯರ ಮಕ್ಕಳಿಗೆ ಶಾಲೆ ಬೇರೆ, ಸಂಘ ಬೇರೆ, ಅವುಗಳಿಗೆ ಸಿಕ್ಕುತ್ತಿದ್ದ ಹಣವೂ ಕಡಮೆ. ಅವರಿಗೆ ಬೇಸಾಯದ ಪಾಠವೆಂದರೆ ಮೊದಲಿಗೆ ಅರುಚಿಯಲ್ಲ, ಅಪಮಾನ. ಅಲಬಾಮಾದ ಟಸ್ಕೀಗಿಯಲ್ಲಿ 1881ರಲ್ಲಿ ಬೂಕರ್ ವಾಷಿಂಗ್ಟನ್ ಶಾಲೆ ತೆರೆದು, ಕಾಡು ಕಡಿದು ಹೊಲ ಮಾಡೋಣ ಬನ್ನಿರೆಂದಾಗ ವಿದ್ಯಾರ್ಥಿಗಳು ಮುಖ ಗಂಟಿಕ್ಕಿದರು. ತಂದೆತಾಯಂದಿರು, ನಮ್ಮ ಮಕ್ಕಳಿಗೆ ಪುಸ್ತಕ ಕಲಿಸಿ, ಕೂಲಿ ಮಾಡಿಸಬೇಡಿ ಎಂದು ಆಕ್ಷೇಪಿಸಿದರು. ಅವರದು ತಪ್ಪೆಂದು ಹೇಗೆ ಹೇಳುವುದು? ತಲೆಮಾರುಗಳಿಂದ ಇನ್ನೊಬ್ಬನ ಹತ್ತಿಯ ಹೊಲದಲ್ಲಿ ಗುಲಾಮರಾಗಿ ಬೆನ್ನು ಬಗ್ಗಿಸಿದವರು. ಶಾಲೆಯೆಂದರೆ ಆ ಹೊಲದಿಂದ ಹೊರಗೆ ಹೋಗುವ ಬಾಗಿಲು. ಆ ಬಾಗಿಲು ಮತ್ತೆ ಹೊಲಕ್ಕೇ ತೆರೆದರೆ? ವಾಷಿಂಗ್ಟನ್ ಕೊಡಲಿ ಹಿಡಿದು ತಾನೇ ಮುಂದೆ ನಡೆದ, ಹುಡುಗರು ಹಿಂಬಾಲಿಸಿದರು. ನಮ್ಮಲ್ಲಿಯೂ ಎಷ್ಟೋ ಮನೆಗಳ ಹಿರಿಯರು ‘ನಾನು ಮಣ್ಣಿನಲ್ಲಿ ಸತ್ತದ್ದು ಸಾಕು, ನೀನಾದರೂ ಓದು’ ಎಂದಿಲ್ಲವೆ? ಬೇಸಾಯದ ಪಾಠಕ್ಕೆ ಮಕ್ಕಳು ಮನಸ್ಸು ಕೊಡುವುದಿಲ್ಲವೆಂದು ದೂರುವ ಮುನ್ನ ಈ ಮಾತಿನ ಹಿಂದಿನ ನೋವನ್ನು ತಿಳಿಯಬೇಕು.

1896ರಲ್ಲಿ ಟಸ್ಕೀಗಿಗೆ ಬಂದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಈ ನೋವಿಗೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟ. ಅವನೂ ಗುಲಾಮಗಿರಿಯಲ್ಲಿ ಹುಟ್ಟಿದವನೇ. ಪ್ರಯೋಗಶಾಲೆಗೆ ಹಣವಿಲ್ಲ, ವಿದ್ಯಾರ್ಥಿಗಳನ್ನು ಕಸದ ಗುಡ್ಡೆಗಳಿಗೆ ಕಳುಹಿಸಿ ಒಡೆದ ಸೀಸೆ, ಹಳೆಯ ಬೋಗುಣಿಗಳನ್ನು ಆರಿಸಿ ತರಿಸಿ ಅದರಿಂದಲೇ ಉಪಕರಣ ಮಾಡಿದ. ಕೂಲಿಯವನು ಮಾಡುವ ಕೆಲಸಕ್ಕೂ, ಅದೇ ಕೆಲಸವನ್ನು ಕಾರಣ ಬಲ್ಲವನು ಮಾಡುವುದಕ್ಕೂ ಇರುವ ಅಂತರವನ್ನು ಆ ಒಡಕು ಸೀಸೆಗಳು ತೋರಿಸಿದವು. 1906ರಲ್ಲಿ ಟಸ್ಕೀಗಿಯ ‘ಜೆಸಪ್ ಬಂಡಿ’ ನೇಗಿಲು, ಬೀಜ, ಬೆಣ್ಣೆ ಕಡೆಯುವ ಯಂತ್ರಗಳನ್ನು ಹೇರಿಕೊಂಡು ಶಾಲೆಗೆ ಬರಲಾರದವರ ಹಟ್ಟಿಗಳಿಗೆ ಹೊರಟಿತು. 1910ರಲ್ಲಿ ಕಾರ್ವರ್ ಹಳ್ಳಿಶಾಲೆಗಳಿಗಾಗಿ ಪ್ರಕೃತಿ ಪಾಠ ಮತ್ತು ತೋಟಗಾರಿಕೆಯ ಕೈಪುಸ್ತಿಕೆ ಬರೆದ. ಇಷ್ಟಾದರೂ ಬಿಳಿಯ ಮತ್ತು ಕರಿಯ ಹುಡುಗರ ಬೇಸಾಯ ವಿದ್ಯಾರ್ಥಿ ಸಂಘಗಳು ಒಂದಾಗಲು 1965ರವರೆಗೆ ಕಾಯಬೇಕಾಯಿತು.

ಇಷ್ಟು ಕಾಲ ಇವೆಲ್ಲ ಉತ್ಸಾಹಿಗಳ ಕೆಲಸ. ಇವನ್ನು ಒಂದು ಪಾಠಕ್ರಮವಾಗಿ ಕಟ್ಟಿದವನು ರೂಫಸ್ ಸ್ಟಿಮ್ಸನ್. ಇವನೇ ಮೊದಲು ಹೇಳಿದ ತತ್ತ್ವಶಾಸ್ತ್ರದ ಪಂಡಿತ. ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ, ಯೇಲ್‌ನಲ್ಲಿ ದೇವತಾಶಾಸ್ತ್ರ ಓದಿದವನು. ಕನೆಕ್ಟಿಕಟ್ಟಿನ ವ್ಯವಸಾಯ ಕಾಲೇಜಿನ ಅಧ್ಯಕ್ಷ ಪದವಿ ಬಿಟ್ಟು 1908ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ನಾರ್ಥಾಂಪ್ಟನ್ನಿನ ಒಂದು ಶಾಲೆಗೆ ಬಂದ. ಶಾಲೆಗೊಂದು ತೋಟವಿದ್ದರೆ ಸಾಕೆಂದು ಎಲ್ಲರೂ ಭಾವಿಸಿದ್ದರು. ಸ್ಟಿಮ್ಸನ್ ಒಪ್ಪಲಿಲ್ಲ. ಶಾಲೆಯ ತೋಟದಲ್ಲಿ ಏನು ಬಿತ್ತಬೇಕೆಂದು ನಿರ್ಧರಿಸುವವನು ಉಪಾಧ್ಯಾಯ, ನಷ್ಟವಾದರೆ ಹೊರುವವರು ತೆರಿಗೆದಾರರು. ಹುಡುಗ ಅಲ್ಲಿ ಬರಿಯ ಆಳು. ಆಳಿಗೆ ಆಸಕ್ತಿ ಎಲ್ಲಿಂದ ಬರಬೇಕು?

ಅವನ ಏರ್ಪಾಡು ಹೀಗೆ. ಪ್ರತಿಯೊಬ್ಬ ಹುಡುಗನೂ ತನ್ನ ಮನೆಯ ಹೊಲದಲ್ಲೇ ಒಂದು ಕೆಲಸವನ್ನು ಆರಿಸಿಕೊಳ್ಳುವುದು. ಅದು ಮನೆಯ ಸುತ್ತಲನ್ನು ಉತ್ತಮಪಡಿಸುವ ಕೆಲಸವಾಗಬಹುದು, ಹೊಸದೊಂದನ್ನು ಪರೀಕ್ಷಿಸಿ ನೋಡುವ ಕೆಲಸವಾಗಬಹುದು, ಬೆಳೆದು ಮಾರುವ ಕೆಲಸವಾಗಬಹುದು. ತಂದೆ, ಮಗ, ಉಪಾಧ್ಯಾಯ ಮೂವರೂ ಕೂತು ಯೋಜನೆ ಮಾಡಬೇಕು, ಹುಡುಗ ಖರ್ಚುವೆಚ್ಚದ ಪುಸ್ತಕ ಇಡಬೇಕು, ಉಪಾಧ್ಯಾಯ ಊರೂರು ಸುತ್ತಿ ನೋಡಬೇಕು. ತರಗತಿಯ ಪಾಠ ಆ ಕೆಲಸವನ್ನು ಹಿಂಬಾಲಿಸಬೇಕು: ಕೋಳಿ ಸಾಕಿದವನಿಗೆ ಕೋಳಿರೋಗ ಬಂದ ವಾರವೇ ಅದರ ಪಾಠ, ಆಲೂಗೆಡ್ಡೆ ಹಾಕಿದವನಿಗೆ ಎಲೆ ಮುದುರಿದಾಗಲೇ ಅದರ ವಿಚಾರ. ಪಾಠಕ್ಕಾಗಿ ಉದಾಹರಣೆ ಹುಡುಕುವ ಬದಲು ಕಷ್ಟ ಬಂದೆಡೆಗೆ ಪಾಠವೇ ಹೋಗಬೇಕು. 1911ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತ ಇದನ್ನು ಅಂಗೀಕರಿಸಿತು. 1917ರ ಸ್ಮಿತ್-ಹ್ಯೂಸ್ ಕಾನೂನು ಇಡೀ ದೇಶಕ್ಕೆ ನಿಯಮ ಮಾಡಿ, ಬೇಸಾಯ ಕಲಿಯುವ ವಿದ್ಯಾರ್ಥಿ ವರ್ಷಕ್ಕೆ ಕಡಮೆಯೆಂದರೆ ಆರು ತಿಂಗಳು ಹೊಲದಲ್ಲಿ ಕೆಲಸ ಮಾಡತಕ್ಕದ್ದೆಂದಿತು. ಮರುವರ್ಷ ನ್ಯೂಯಾರ್ಕಿನ ಕಿಲ್‌ಪ್ಯಾಟ್ರಿಕ್ ‘ಪ್ರಾಜೆಕ್ಟ್ ಪದ್ಧತಿ’ಯ ಮೇಲೆ ಬರೆದ ಲೇಖನ ವಿದ್ಯಾಭ್ಯಾಸ ಪ್ರಪಂಚದಲ್ಲೆಲ್ಲ ಪ್ರಸಿದ್ಧವಾಯಿತು. ಇಂದು ನಮ್ಮ ಪೇಟೆಯ ಮಕ್ಕಳು ರಟ್ಟಿನ ಮೇಲೆ ಚಿತ್ರ ಅಂಟಿಸಿ ‘ಪ್ರಾಜೆಕ್ಟ್’ ಎಂದು ಒಪ್ಪಿಸುತ್ತಾರಲ್ಲ, ಆ ಹೆಸರಿನ ಹಿಂದೆ ಆಲೂಗೆಡ್ಡೆಯ ಪಾತಿಗಳೂ ಇವೆಯೆಂದು ಅವರಿಗೆ ಯಾರು ಹೇಳಬೇಕು!

ಈ ಗಾಳಿ ಭಾರತಕ್ಕೂ ಬೀಸಿತು. ರವೀಂದ್ರನಾಥ ಠಾಕೂರರು ತಮ್ಮ ಮಗ ರಥೀಂದ್ರನಾಥನನ್ನೂ ಸಂತೋಷಚಂದ್ರ ಮಜುಮ್‌ದಾರರನ್ನೂ 1906ರಲ್ಲಿ ಬೇಸಾಯ ಕಲಿಯಲು ಕಳುಹಿಸಿದ್ದು ಅದೇ ಇಲಿನಾಯ್ ಪ್ರಾಂತದ ವಿಶ್ವವಿದ್ಯಾನಿಲಯಕ್ಕೆ. 1922ರಲ್ಲಿ ಶ್ರೀನಿಕೇತನದ ಗ್ರಾಮೋದ್ಧಾರ ಕೇಂದ್ರವನ್ನು ಕಟ್ಟಲು ಠಾಕೂರರಿಗೆ ನೆರವಾದ ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ತರುಣ ಬೇಸಾಯ ಕಲಿತದ್ದು ಬೇಯ್ಲಿ ಕಟ್ಟಿ ಬೆಳೆಸಿದ ಕಾರ್ನೆಲ್ಲಿನಲ್ಲಿ. 1924ರಲ್ಲಿ ಬಡಮಕ್ಕಳಿಗಾಗಿ ತೊಡಗಿದ ‘ಶಿಕ್ಷಾಸತ್ರ’ದಲ್ಲಿ ತೋಟದ ಕೆಲಸ, ಮನೆಗೆಲಸ, ಕೈಕಸಬುಗಳಿಂದಲೇ ಪಾಠ ಹೊರಡುತ್ತಿತ್ತು. ಪಂಜಾಬಿನ ಮೋಗಾದಲ್ಲಿ 1920ರ ದಶಕದಲ್ಲಿ ಗ್ರಾಮೋಪಾಧ್ಯಾಯರ ತರಬೇತಿ ಶಾಲೆಯೊಂದು ಪ್ರಾಜೆಕ್ಟ್ ಪದ್ಧತಿಯನ್ನು ನಮ್ಮ ಹಳ್ಳಿಗೆ ಹೊಂದಿಸಿ ಹೆಸರು ಪಡೆಯಿತು.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಕಸಬಿನ ಮೂಲಕ ವಿದ್ಯೆ ಎಂಬ ಅದರ ತಿರುಳು ಸ್ಟಿಮ್ಸನ್ನನ ತಿರುಳಿಗೆ ದೂರವಲ್ಲ. ಒಂದು ಭೇದ ಮಾತ್ರ ಗಮನಿಸತಕ್ಕದ್ದು. ಮಕ್ಕಳ ದುಡಿಮೆಯ ಫಲದಿಂದ ಶಾಲೆಯ ಖರ್ಚು, ಉಪಾಧ್ಯಾಯರ ಸಂಬಳ ಹುಟ್ಟಬೇಕೆಂಬ ಆಸೆ ವಾರ್ಧಾ ಯೋಜನೆಯಲ್ಲಿತ್ತು. ಬಡದೇಶದಲ್ಲಿ ಎಲ್ಲ ಮಕ್ಕಳಿಗೂ ವಿದ್ಯೆ ದೊರಕಿಸಬೇಕೆಂಬ ತುಡಿತದಿಂದ ಹುಟ್ಟಿದ ಆಸೆ ಅದು, ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಶಾಲೆ ಕಾರ್ಖಾನೆಯಾದೀತೆಂಬ ಆಕ್ಷೇಪ ಅಂದೇ ಎದ್ದಿತು. ಅಮೆರಿಕಾದ ಹುಡುಗನ ಎಕರೆಯ ಲಾಭ ಹುಡುಗನದು, ನಷ್ಟವೂ ಅವನದೇ. ನೂಲು ಯಾರದು, ಸೊಪ್ಪು ಯಾರದು ಎಂಬ ಪ್ರಶ್ನೆ ಸಣ್ಣದಾಗಿ ಕಂಡರೂ ಮಗುವಿನ ಮನಸ್ಸು ಒಲಿಯುವುದೂ ಮುನಿಯುವುದೂ ಅಲ್ಲಿಯೇ ಎಂದು ನನಗೆ ತೋರುತ್ತದೆ.

ಮೈಸೂರು ಸೀಮೆ ಈ ವಿಷಯದಲ್ಲಿ ನಿದ್ದೆ ಮಾಡುತ್ತಿರಲಿಲ್ಲ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ತೆರೆಯಿತು. ಕೆನಡಾ ದೇ‌ಶದ ಲೆಸ್ಲಿ ಕೋಲ್‌ಮನ್ ಆಗ ಇಲ್ಲಿಯ ವ್ಯವಸಾಯ ಇಲಾಖೆಯ ನಿರ್ದೇಶಕರು. 1946ರಲ್ಲಿ ಅಲ್ಲಿ ಕಾಲೇಜು ಬಂತು, 1964ರಲ್ಲಿ ಅಮೆರಿಕಾದ ಮಾದರಿಯಲ್ಲೇ ಕೃಷಿ ವಿಶ್ವವಿದ್ಯಾನಿಲಯವಾಯಿತು. ಮೇಲಿನ ಅಂತಸ್ತುಗಳೆಲ್ಲ ಎದ್ದವು. ತಳದಲ್ಲಿರುವ ಐದನೆಯ ತರಗತಿಯ ಬೇಸಾಯದ ಪಾಠದ ಚಿಂತೆಯೇ ಉಳಿದದ್ದು.

ಅಮೆರಿಕಾದ ಆ ಸುಧಾರಕರು ತಾವು ಅಂದುಕೊಂಡದ್ದನ್ನು ಸಾಧಿಸಿದರೆ ಎಂದು ವಾಚಕರು ಕೇಳಬಹುದು. ಮಕ್ಕಳನ್ನು ಹಳ್ಳಿಯಲ್ಲೇ ನಿಲ್ಲಿಸಬೇಕೆಂದು ಹೊರಟವರು ಅದರಲ್ಲಿ ಸೋತರು. 1900ರ ಸುಮಾರಿಗೆ ಅಲ್ಲಿ ದುಡಿಯುವವರಲ್ಲಿ ನೂರಕ್ಕೆ ನಲವತ್ತು ಮಂದಿ ಬೇಸಾಯದಲ್ಲಿದ್ದರು. ಈಗ ಇಬ್ಬರೂ ಇಲ್ಲ. ಬಹುಮಾನದ ಹುಚ್ಚು ಹೆಚ್ಚಿದೆಡೆ ತೆನೆಯ ಅಂದಕ್ಕೆ ಅಂಕ ಸಿಕ್ಕಿತೇ ಹೊರತು ಅರಿವಿಗಲ್ಲ ಎಂಬ ಟೀಕೆಯೂ ಉಂಟು. ಆದರೂ ಲಿಟ್ಮಸ್ ಕಾಗದ ಹಿಡಿದು ತಂದೆಯ ಹೊಲಕ್ಕೆ ಹೋದ ಹುಡುಗ ಮುಂದೆ ರೈತನಾದರೂ ಗುಮಾಸ್ತನಾದರೂ ಒಂದು ಸಂಗತಿಯನ್ನು ಮರೆಯಲಾರ: ಲೋಕದಲ್ಲಿ ತಾನು ಸ್ವತಃ ಪರೀಕ್ಷಿಸಿ ತಿಳಿಯಬಹುದಾದದ್ದು ಉಂಟು, ಅದು ತನ್ನ ಕಾಲ ಕೆಳಗೇ ಉಂಟು. ಹಳ್ಳಿ ಬಿಡುವವನಿಗೂ ಉಳಿಯುವವನಿಗೂ ಸಮನಾಗಿ ಸಲ್ಲುವ ವಿದ್ಯೆ ಇದು. ಮಕ್ಕಳನ್ನು ನೆಲಕ್ಕೆ ಕಟ್ಟಿಹಾಕುವ ಉದ್ದೇಶದಿಂದ ಬೇಸಾಯ ಕಲಿಸಹೊರಟರೆ ಅವರು ಅದನ್ನು ಬಲುಬೇಗ ಗುರುತಿಸಿ ದೂರ ಸರಿಯುತ್ತಾರೆ; ಅವರ ಬುದ್ಧಿಯನ್ನು ಗೌರವಿಸಿ ಕಲಿಸಿದರೆ ಹತ್ತಿರ ಬರುತ್ತಾರೆ.

ಇದಕ್ಕೆ ಎಕರೆಗಟ್ಟಲೆ ನೆಲವೂ ಬೇಡ, ಅಮೆರಿಕಾದ ಡಾಲರೂ ಬೇಡ. ಮುಂಗಾರಿಗೆ ಮುನ್ನ ಮಕ್ಕಳು ತಮ್ಮ ತಮ್ಮ ಮನೆಯ ಬಿತ್ತನೆ ಬೀಜದಿಂದ, ರಾಗಿಯಾಗಲಿ ಅವರೆಯಾಗಲಿ, ನೂರು ಕಾಳು ಎಣಿಸಿ ತರಲಿ. ಒದ್ದೆಮಾಡಿದ ಗೋಣಿಬಟ್ಟೆಯಲ್ಲಿ ಸುತ್ತಿ, ಮನೆಯವರ ಹೆಸರು ಬರೆದು, ತರಗತಿಯ ಮೂಲೆಯಲ್ಲಿ ಇಡಲಿ. ನಾಲ್ಕು ದಿನ ಬಿಟ್ಟು ಬಿಚ್ಚಿ ಎಣಿಸಲಿ. ಒಬ್ಬಳ ಮನೆಯದು ತೊಂಬತ್ತು, ಇನ್ನೊಬ್ಬನದು ಐವತ್ತೈದು. ಏಕೆ ಹೀಗೆ? ಬೀಜ ಹಳೆಯದೆ, ಹುಳು ತಿಂದದ್ದೆ, ಒದ್ದೆಯಲ್ಲಿ ಇಟ್ಟದ್ದೆ? ಐವತ್ತೈದು ಬಂದವನು ಬಿತ್ತನೆಗೆ ಎಷ್ಟು ಹೆಚ್ಚು ಬೀಜ ಹಾಕಬೇಕು, ಅದರ ಬೆಲೆ ಎಷ್ಟು? ಪೇಟೆಯ ಶಾಲೆಯ ಮಕ್ಕಳು ಮನೆಯ ಅಡಿಗೆಯ ಕಡಲೆ, ಹೆಸರು, ಕೊತ್ತಂಬರಿಯಿಂದ ಇದನ್ನೇ ಮಾಡಬಹುದು. ಆ ದಿನದ ಪಾಠ ಮುಗಿದು ಗಂಟೆ ಬಾರಿಸಿದಾಗ ಐವತ್ತೈದರ ಹುಡುಗ ಮನೆಗೆ ಓಡುತ್ತಾನೆ. ಅವನ ಅಪ್ಪ ಇನ್ನೂ ಬಿತ್ತಿಲ್ಲ.